ಅರವತ್ತೊಂದನೆಯ ಪುಡಿ

ಬಳ್ಳಾರಿ ಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಂಪನಗೌಡ ಎಂಬ ಮೇಷ್ಟ್ರಿದ್ದರು. ರಸಾಯನಶಾಸ್ತ್ರ ಅವರ ವಿಷಯ. ಇಪ್ಪತ್ತೆರಡು ವರ್ಷದಿಂದ ಅವರು ಒಂದೇ ಕೆಲಸದ ಬೆನ್ನು ಹತ್ತಿದ್ದರು. ದುಬಾರಿ ಪ್ಲಾಟಿನಂ ಬಿಟ್ಟು, ಅಗ್ಗದ ಕಬ್ಬಿಣದಿಂದ ಇಂಧನಕೋಶ ನಡೆಸಬೇಕು ಎಂಬುದೇ ಆ ಕೆಲಸ.

ಇಂಧನಕೋಶ ಅಂದರೇನು ಅಂತ ಮೊದಲೇ ಹೇಳಿಬಿಡುತ್ತೇನೆ, ಮಕ್ಕಳೇ. ಅದೊಂದು ಪೆಟ್ಟಿಗೆ. ಒಂದು ಬದಿಯಿಂದ ಜಲಜನಕ ಕೊಡಬೇಕು, ಇನ್ನೊಂದು ಬದಿಯಿಂದ ಗಾಳಿ ಕೊಡಬೇಕು. ಗಾಳಿಯಲ್ಲಿರುವ ಆಮ್ಲಜನಕವೂ ಈ ಜಲಜನಕವೂ ಕೂಡಿ ನೀರಾಗುತ್ತವೆ. ಕೂಡುವಾಗ ಕರೆಂಟು ಹುಟ್ಟುತ್ತದೆ. ಹೊಗೆಯಿಲ್ಲ, ಸದ್ದಿಲ್ಲ. ಆದರೆ ಆಮ್ಲಜನಕ ಬಲು ಸೋಮಾರಿ. ತಾನಾಗಿ ಕೆಲಸಕ್ಕೆ ಇಳಿಯುವುದಿಲ್ಲ. ಅದನ್ನು ಎಬ್ಬಿಸಿ ಕೂಡಿಸಲು ಇನ್ನೊಂದು ವಸ್ತು ಬೇಕು. ಅದನ್ನು ವೇಗವರ್ಧಕ ಅನ್ನುತ್ತಾರೆ. ಗಾರೆ ಕೆಲಸದ ಮೇಸ್ತ್ರಿಯನ್ನು ನೋಡಿದ್ದೀರಲ್ಲ? ತಾನು ಒಂದು ಇಟ್ಟಿಗೆಯನ್ನೂ ಎತ್ತುವುದಿಲ್ಲ, ಆದರೆ ಅವನು ನಿಂತರೆ ಹತ್ತು ಆಳಿನ ಕೈ ಚುರುಕಾಗುತ್ತದೆ. ವೇಗವರ್ಧಕವೂ ಹಾಗೇ.

ಈ ಮೇಸ್ತ್ರಿಕೆಗೆ ಪ್ಲಾಟಿನಂನಷ್ಟು ಗಟ್ಟಿಗ ಬೇರೆ ಇಲ್ಲ. ಜಲಜನಕದ ಬದಿಗೆ ಅದು ಚೂರೇ ಚೂರು ಸಾಕು. ಆಮ್ಲಜನಕದ ಬದಿಗೆ ಮಾತ್ರ ಎಷ್ಟು ಹಾಕಿದರೂ ಬೇಕು. ಅದೋ ಒಡವೆ ಅಂಗಡಿಯ ಲೋಹ. ಬಡವರ ಊರಿಗೆ ಬರುವ ಪೆಟ್ಟಿಗೆಯೊಳಗೆ ಅದನ್ನು ತುಂಬುವವರು ಯಾರು?

"ಕಬ್ಬಿಣ ನಮ್ಮ ಕಾಲಡಿಯ ಮಣ್ಣಲ್ಲೇ ಇದೆ. ಅದಕ್ಕೆ ಕೆಲಸ ಕಲಿಸಿದರೆ ಆಯಿತು," ಅನ್ನುತ್ತಿದ್ದರು ಮೇಷ್ಟ್ರು.

ಅವರ ಕೈಕೆಳಗೆ ಹುಲಿಗೆಮ್ಮ ಎಂಬ ಶಿಷ್ಯೆ ಇದ್ದಳು. ಗಂಗಾವತಿ ಕಡೆಯವಳು. ಅವಳ ತಾಯಿ ಊರಲ್ಲಿ ರವಿಕೆ ಹೊಲಿದು ಮಗಳನ್ನು ಎಮ್ಮೆಸ್ಸಿವರೆಗೆ ಓದಿಸಿದ್ದಳು. ಹುಲಿಗೆಮ್ಮ ಮಾತು ಕಡಿಮೆ, ಕೈಕೆಲಸ ಚೊಕ್ಕ. ಶೇಂಗಾ ಸಿಪ್ಪೆ ತಂದು ಸುಟ್ಟು ಇದ್ದಿಲು ಮಾಡುವಳು. ಅದಕ್ಕೆ ಕಬ್ಬಿಣದ ಲವಣ ಬೆರೆಸುವಳು, ಯೂರಿಯಾ ಬೆರೆಸುವಳು. ಗಾಳಿ ಆಡದ ಕುಲುಮೆಯಲ್ಲಿ ಕೆಂಪಗೆ ಕಾಯಿಸುವಳು. ತಣಿದ ಮೇಲೆ ಆಸಿಡ್ಡಿನಲ್ಲಿ ತೊಳೆದರೆ ಕಾಡಿಗೆಯಂಥ ಕಪ್ಪು ಪುಡಿ ಉಳಿಯುತ್ತಿತ್ತು. ಪ್ರತಿ ಪುಡಿಗೂ ಒಂದು ಸಂಖ್ಯೆ. ನಾಲ್ಕು ವರ್ಷದಲ್ಲಿ ಅರವತ್ತು ಪುಡಿ ಆಗಿದ್ದವು. ಒಂದೊಂದೂ ಒಂದಷ್ಟು ಕೆಲಸ ಮಾಡುತ್ತಿತ್ತು. ಯಾವುದೂ ಪ್ಲಾಟಿನಂನ ಹತ್ತಿರಕ್ಕೂ ಸುಳಿದಿರಲಿಲ್ಲ.

ಪುಡಿಯನ್ನು ಪರೀಕ್ಷೆ ಮಾಡುವ ಬಗೆ ಹೀಗೆ. ಒಂದು ಗಾಜಿನ ಪಾತ್ರೆಯಲ್ಲಿ ನೀರು ಬೆರೆಸಿದ ಆಸಿಡ್ಡು. ಅದರೊಳಗೆ ಒಂದು ಕಡ್ಡಿ ಇಳಿಬಿಡಬೇಕು. ಕಡ್ಡಿಯ ತುದಿಗೆ ಪುಡಿ ಬಳಿದಿರುತ್ತದೆ. ಎದುರಿಗೆ ಒಂದು ತಂತಿ. ಕರೆಂಟು ಹೋಗಿ ಬರುವುದಕ್ಕೆ ಅದೊಂದು ದಾರಿ, ಅಷ್ಟೇ. ಆಸಿಡ್ಡಿಗೆ ಜಗ್ಗಬಾರದು ಎಂದು ಆ ತಂತಿಯನ್ನು ಮಾತ್ರ ಪ್ಲಾಟಿನಂನಲ್ಲಿ ಮಾಡಿದ್ದರು. ಅದು ಪರೀಕ್ಷೆ ಬರೆಯುವ ಹುಡುಗನಲ್ಲ, ಬಾಗಿಲಲ್ಲಿ ನಿಂತ ಜವಾನ. ಹಾಗಾಗಿ ಯಾರ ಕಣ್ಣೂ ಅದರ ಮೇಲೆ ಬೀಳುತ್ತಿರಲಿಲ್ಲ.

ಅರವತ್ತೊಂದನೆಯ ಪುಡಿಯ ದಿನ ಯಂತ್ರದ ಗೆರೆ ಮೇಲೇರಿತು. ಇನ್ನೂ ಏರಿತು. ಹುಲಿಗೆಮ್ಮ ಮುಂದಕ್ಕೆ ಬಾಗಿ ನೋಡಿದಳು. ಪುಡಿ ಪ್ಲಾಟಿನಂನ ಸಮಕ್ಕೆ ಬಂದು ನಿಂತಿತ್ತು. ಅದಕ್ಕಿಂತ ಅಚ್ಚರಿಯ ಸಂಗತಿ ಬೇರೊಂದಿತ್ತು. ಸಾವಿರ ಸಲ ಓಡಿಸಿದರೂ ಪುಡಿ ಸೊರಗಲಿಲ್ಲ, ಬರಬರುತ್ತ ಇನ್ನೂ ಚುರುಕಾಯಿತು.

ಪಂಪನಗೌಡರು ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೊಂದು ಸಲ ಓಡಿಸಮ್ಮ," ಅಂದರು. ಓಡಿಸಿದಳು. ಮತ್ತೆ ಹಾಗೇ ಬಂತು. ಮೇಷ್ಟ್ರು ಹೊರಗೆ ಹೋಗಿ, ಇಡೀ ವಿಭಾಗಕ್ಕೆ ಆಗುವಷ್ಟು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದರು. ಅವರು ಹಾಗೆ ನಗುತ್ತ ಬಂದದ್ದನ್ನು ಯಾರೂ ನೋಡಿರಲಿಲ್ಲ.

ಸುದ್ದಿ ಬೇಗ ಹಬ್ಬಿತು. ಒಂದು ಸೇವಾ ಸಂಸ್ಥೆಯವರು ಹುಡುಕಿಕೊಂಡು ಬಂದರು. ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಕರೆಂಟು ಹೋದಾಗ ಮಕ್ಕಳ ಲಸಿಕೆ ಇಡುವ ಫ್ರಿಜ್ಜು ನಿಂತುಹೋಗುತ್ತದೆ. ಅಲ್ಲಿಗೆ ಇಂಧನಕೋಶದ ಪೆಟ್ಟಿಗೆ ಇಡಬೇಕೆಂಬುದು ಅವರ ಆಸೆ. ಪ್ಲಾಟಿನಂ ಪೆಟ್ಟಿಗೆ ಅವರಿಗೆ ಎಟುಕುವ ಮಾತಲ್ಲ. ಸಂಸ್ಥೆಯ ಮುಖ್ಯಸ್ಥೆ ಇಂದುಮತಿ ಎಂಬವರು, ಸ್ಪಷ್ಟ ಮಾತಿನ ಹೆಂಗಸು.

"ನೀವು ಹೇಳಿದ ಬಲ ಈ ಪುಡಿಗಿದ್ದರೆ ನಲವತ್ತು ಕೇಂದ್ರಕ್ಕೆ ಪೆಟ್ಟಿಗೆ ಮಾಡಿಸೋಣ. ಬೇಸಿಗೆ ಒಳಗೆ ಆಗಬೇಕು. ಹದಿನೈದು ದಿನ ಬಿಟ್ಟು ಬರುತ್ತೇನೆ. ಅಂಕಿಗಳನ್ನೆಲ್ಲ ಬರೆದು ಕೊಡಿ. ಅದರ ಮೇಲೇ ಪೆಟ್ಟಿಗೆಯ ಅಳತೆ ತೀರ್ಮಾನ," ಅಂದರು.

ಮೇಷ್ಟ್ರಿಗೆ ನಿವೃತ್ತಿಗೆ ಒಂಬತ್ತು ತಿಂಗಳಿತ್ತು. ಹುಲಿಗೆಮ್ಮನ ವಿದ್ಯಾರ್ಥಿವೇತನ ಆ ವರ್ಷಕ್ಕೆ ಮುಗಿಯುತ್ತಿತ್ತು. ಈ ಕೆಲಸ ಕೈಗೂಡಿದರೆ ಅದೇ ವಿಭಾಗದಲ್ಲಿ ಅವಳಿಗೊಂದು ಹುದ್ದೆ ಸಿಗುವುದು ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು.

ಹೀಗಿರುವಾಗ ಆ ಗಾಜಿನ ಪಾತ್ರೆಯ ಒಂದು ಕೊಳವೆ ಬಿರುಕು ಬಿಟ್ಟಿತು. ಪ್ಲಾಟಿನಂ ತಂತಿಯನ್ನು ಹಿಡಿದಿದ್ದ ಕೊಳವೆ ಅದು. ಹುಲಿಗೆಮ್ಮ ಅದನ್ನು ಖಾಸಿಂ ಸಾಹೇಬರ ಹತ್ತಿರ ಒಯ್ದಳು. ಖಾಸಿಂ ಸಾಹೇಬರು ವಿಶ್ವವಿದ್ಯಾಲಯದ ಗಾಜಿನ ಕೆಲಸಗಾರರು. ಬೆಂಕಿಯಲ್ಲಿ ಗಾಜು ಮೆತ್ತಗೆ ಮಾಡಿ, ಬಾಯಿಂದ ಊದಿ, ಯಾವ ಆಕಾರ ಬೇಕಾದರೂ ತೆಗೆಯುತ್ತಿದ್ದರು. ಮೂವತ್ತು ವರ್ಷದ ಅನುಭವ. ಹುಡುಗ ಹುಡುಗಿಯರಿಗೆಲ್ಲ ಅವರು ಚಾಚಾ.

ಕೊಳವೆ ಕೈಗೆ ತಗೊಂಡ ಖಾಸಿಂ ಸಾಹೇಬರು ಗಾಜು ನೋಡಲಿಲ್ಲ, ತಂತಿ ನೋಡಿದರು. ಬೆಳಕಿಗೆ ಹಿಡಿದರು. ಉಗುರಿನಿಂದ ಮೆಲ್ಲಗೆ ಸವರಿದರು.

"ಅಮ್ಮಾ, ಈ ತಂತಿಗೆ ಏನ್ ಮಾಡಿದಿ? ನಾನು ಕೂಡಿಸಿ ಕೊಟ್ಟಾಗ ಕನ್ನಡಿ ಹಂಗಿತ್ತು. ಈಗ ಉಗುರಿಗೆ ತಡೀತದೆ."

"ಯಾವಾಗಲೂ ಆಸಿಡ್ಡಲ್ಲಿ ಇರ್ತದಲ್ಲ ಚಾಚಾ. ಮಂಕಾಗಿರಬೇಕು."

"ಬರೀ ಆಸಿಡ್ಡಿಗೆ ಪ್ಲಾಟಿನಂ ಮಂಕಾಗಲ್ಲಮ್ಮ. ನಾನು ಎಷ್ಟು ನೋಡಿಲ್ಲ?"

ಬೆಲೆಬಾಳುವ ಲೋಹವಾದ್ದರಿಂದ ತಂತಿಯನ್ನು ಕೊಡುವಾಗ ತೂಗಿ, ತೂಕವನ್ನು ಅದರ ಡಬ್ಬಿಯ ಮೇಲೆ ಬರೆದು ಅಂಟಿಸಿದ್ದರು. ಖಾಸಿಂ ಸಾಹೇಬರು ಬಿರುಕು ಬಿಟ್ಟ ಗಾಜನ್ನು ಬಿಡಿಸಿ, ತಂತಿ ತೊಳೆದು, ಒರೆಸಿ, ತಕ್ಕಡಿಯಲ್ಲಿಟ್ಟರು. ಮೂರು ಮಿಲಿಗ್ರಾಂ ಕಡಿಮೆ ಬಂತು. ಒಂದು ಸಾಸಿವೆ ಕಾಳಿನಷ್ಟು.

"ಕದ್ದವರು ಇಷ್ಟೇ ಇಷ್ಟು ಕದಿಯಲ್ಲ," ಅಂತ ನಕ್ಕರು ಅವರು. "ಹೋದದ್ದು ಎಲ್ಲಿಗೆ ಹೋಯ್ತು?"

ಹುಲಿಗೆಮ್ಮ ನಗಲಿಲ್ಲ. ಎಲ್ಲಿಗೆ ಹೋಯಿತು ಎಂಬುದು ಅವಳಿಗೆ ಆ ಕ್ಷಣವೇ ಹೊಳೆದಿತ್ತು. ಕರೆಂಟು ಹೋಗಿ ಬಂದು ಮಾಡುವಾಗ ತಂತಿ ಕಣಕಣವಾಗಿ ಕರಗಿದೆ. ಕರಗಿದ್ದು ಆಸಿಡ್ಡಿನಲ್ಲಿ ತೇಲಿ, ಎದುರಿಗಿದ್ದ ಕಪ್ಪು ಪುಡಿಯ ಮೇಲೆ ಕೂತಿದೆ. ಓಡಿಸಿದಷ್ಟೂ ಹೆಚ್ಚು ಕೂತಿದೆ. ಪುಡಿ ಬಳಸಿದಷ್ಟೂ ಚುರುಕಾದದ್ದು ಅದಕ್ಕೇ. ಹಿಂದಿನ ಅರವತ್ತನ್ನು ಅಷ್ಟು ಸಲ ಓಡಿಸಿರಲೇ ಇಲ್ಲ.

ಅವಳು ಪ್ರಯೋಗಾಲಯಕ್ಕೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು. ತಂತಿಯ ಜಾಗದಲ್ಲಿ ಒಂದು ಗ್ರಾಫೈಟ್ ಕಡ್ಡಿ ಇಟ್ಟಳು. ಪೆನ್ಸಿಲ್ಲಿನ ಒಳಗಿರುತ್ತದಲ್ಲ, ಅಂಥದ್ದೇ, ಸ್ವಲ್ಪ ದಪ್ಪ. ಪಾತ್ರೆಯನ್ನು ಮೂರು ಸಲ ತೊಳೆದಳು. ಅರವತ್ತೊಂದನೆಯ ಪುಡಿಯನ್ನು ಸೀಸೆಯಿಂದ ಹೊಸದಾಗಿ ತೆಗೆದು ಬಳಿದಳು. ಓಡಿಸಿದಳು.

ಗೆರೆ ಅರ್ಧಕ್ಕೇ ನಿಂತಿತು. ಇನ್ನೆರಡು ಸಲ ಮಾಡಿದಳು. ಅರ್ಧದ ಮೇಲೆ ಒಂದು ಕೂದಲೆಳೆಯೂ ಏರಲಿಲ್ಲ.

ಮಕ್ಕಳೇ, ಆಗ ಅವಳು ಎದ್ದು ನೇರ ಮೇಷ್ಟ್ರ ಬಳಿ ಹೋದಳು ಅಂತ ಹೇಳಲು ನನಗೂ ಇಷ್ಟ. ಆದರೆ ಅವಳು ಹೋಗಲಿಲ್ಲ. ಗ್ರಾಫೈಟ್ ಕಡ್ಡಿಯನ್ನು ಡ್ರಾಯರಿನಲ್ಲಿ ಇಟ್ಟಳು. ಮಾರನೆಯ ದಿನವೂ ಹೇಳಲಿಲ್ಲ. ಅದರ ಮಾರನೆಯ ದಿನವೂ ಹೇಳಲಿಲ್ಲ. ಮನಸ್ಸು ಒಂದೊಂದೇ ನೆಪ ತಂದುಕೊಡುತ್ತಿತ್ತು. 'ಎಷ್ಟೋ ಜನ ಇದೇ ಥರದ ತಂತಿ ಇಟ್ಟು ಪರೀಕ್ಷೆ ಮಾಡುತ್ತಾರೆ, ನಾನೊಬ್ಬಳೇ ಅಲ್ಲ. ಅರ್ಧ ಬಂದರೂ ಪುಡಿ ಕೆಟ್ಟದ್ದೇನಲ್ಲ. ನಾನು ಬೇಕೆಂದು ಮಾಡಿದ್ದಲ್ಲ. ನೋಡಿದ್ದು ಬರೆದೆ. ಸುಳ್ಳು ಎಲ್ಲಿ ಹೇಳಿದೆ?' ಊರಿಂದ ತಾಯಿ ಫೋನು ಮಾಡಿ, "ಕೆಲಸ ಗಟ್ಟಿ ಆಯ್ತೇನವ್ವ?" ಅಂತ ಕೇಳಿದಾಗ, "ಆದಂಗೇ ಅವ್ವಾ," ಅಂದಳು. ಅಂದ ಮೇಲೆ ಅನ್ನ ಸೇರಲಿಲ್ಲ.

ಐದನೆಯ ದಿನ ಅವಳು ಒಂದು ಆರೋಗ್ಯ ಕೇಂದ್ರಕ್ಕೆ ಹೋಗಬೇಕಾಗಿತ್ತು. ಮೊದಲ ಪೆಟ್ಟಿಗೆ ಕೂರಿಸುವ ಜಾಗದ ಅಳತೆ ತರಬೇಕಿತ್ತು. ಬಸ್ಸಿಳಿದು ಎರಡು ಮೈಲಿ ನಡೆದು ಹೋದಳು. ಕೇಂದ್ರದಲ್ಲಿ ಎಸ್ತೇರಮ್ಮ ಎಂಬ ನರ್ಸಮ್ಮ ಒಬ್ಬರೇ ಇದ್ದರು. ಐವತ್ತು ದಾಟಿದವರು. ಲಸಿಕೆಯ ನೀಲಿ ಡಬ್ಬಿಯನ್ನು ಸ್ಕೂಟರಿಗೆ ಕಟ್ಟುತ್ತಿದ್ದರು.

"ಬಾರಮ್ಮ, ಕೂತ್ಕೋ. ಬೆಳಗ್ಗೆಯಿಂದ ಕರೆಂಟಿಲ್ಲ. ಫ್ರಿಜ್ಜು ಬಿಸಿ ಆಗೋದ್ರೊಳಗೆ ಇವನ್ನ ದೊಡ್ಡಾಸ್ಪತ್ರೆಗೆ ಮುಟ್ಟಿಸಿ ಬರ್ಬೇಕು. ಹನ್ನೆರಡು ಕಿಲೋಮೀಟರ್ ಅಷ್ಟೇ."

"ದಿನಾ ಹೀಗೇನಾ ಸಿಸ್ಟರ್?"

"ಬೇಸಿಗೆ ಬಂದ್ರೆ ವಾರಕ್ಕೆ ಎರಡು ಸಲ ಗ್ಯಾರಂಟಿ. ಹೋದ ವರ್ಷ ನಾನು ಜ್ವರ ಬಂದು ಮಲಗಿದ್ದೆ. ಡಬ್ಬಿ ಹೊತ್ಕೊಂಡು ಹೋಗೋರಿಲ್ಲ. ಫ್ರಿಜ್ಜಲ್ಲಿ ಇದ್ದದ್ದೆಲ್ಲ ಕೆಡ್ತು. ಮೂವತ್ತು ಜನ ತಾಯಂದ್ರು ಎಳೆ ಕೂಸು ಎತ್ಕೊಂಡು ಬಿಸಿಲಲ್ಲಿ ನಡ್ಕೊಂಡು ಬಂದಿದ್ರು. ವಾಪಸ್ ಕಳಿಸ್ದೆ. ಅದ್ರಲ್ಲಿ ಕೆಲವರು ಮತ್ತೆ ಬರ್ಲೇ ಇಲ್ಲ." ಎಸ್ತೇರಮ್ಮ ಹಗ್ಗ ಬಿಗಿದು ಗಂಟು ಹಾಕಿದರು. "ನಿಮ್ಮ ಪೆಟ್ಟಿಗೆ ಬರ್ಲಿ ತಾಯಿ. ಅದು ಬಂದ್ಮೇಲೆ ಈ ಡಬ್ಬಿ ಕಟ್ಟೋ ಕೆಲ್ಸಾನೇ ಬಿಟ್ಬಿಡ್ತೀನಿ. ಕರೆಂಟ್ ಹೋದ್ರೂ ಕಾಲು ಚಾಚಿ ಕೂತಿರ್ತೀನಿ."

ಸ್ಕೂಟರು ಹೋಯಿತು. ಹುಲಿಗೆಮ್ಮ ಅಳತೆ ಪಟ್ಟಿ ಹಿಡಿದು ಆ ಕೋಣೆಯಲ್ಲಿ ನಿಂತಳು. ಅಳತೆ ತೆಗೆಯಲು ಕೈ ಏಳಲಿಲ್ಲ. ಅಂಕಿ ನಂಬಿ ಪೆಟ್ಟಿಗೆ ಮಾಡಿಸುತ್ತಾರೆ. ಪೆಟ್ಟಿಗೆ ನಂಬಿ ಈಯಮ್ಮ ಡಬ್ಬಿ ಕಟ್ಟುವುದನ್ನು ಬಿಡುತ್ತಾರೆ. ಮೇ ತಿಂಗಳ ಬಿಸಿಲಿಗೆ ಪೆಟ್ಟಿಗೆಯ ಅರ್ಧ ಬಲ ಫ್ರಿಜ್ಜಿಗೆ ಸಾಲುವುದಿಲ್ಲ. ಪೆಟ್ಟಿಗೆ ಇಲ್ಲದಿದ್ದರೆ ಉಳಿಯುತ್ತಿದ್ದ ಲಸಿಕೆ, ಪೆಟ್ಟಿಗೆ ಇದ್ದದ್ದರಿಂದಲೇ ಕೆಡುತ್ತದೆ. ಅದೂ ಒಂದು ಕಡೆಯಲ್ಲ, ನಲವತ್ತು ಕಡೆ.

ಅವಳು ಅಳತೆ ತೆಗೆಯದೆ ವಾಪಸ್ಸು ಬಂದಳು.

ಪಂಪನಗೌಡರು ತಮ್ಮ ಕೋಣೆಯಲ್ಲಿ ಇಂದುಮತಿಯವರಿಗೆ ಕೊಡುವ ವರದಿ ತಿದ್ದುತ್ತಿದ್ದರು. ಹುಲಿಗೆಮ್ಮ ಬಾಗಿಲಲ್ಲೇ ನಿಂತು ಹೇಳಿದಳು. "ಸರ್, ಅರವತ್ತೊಂದು ಕೆಲಸ ಮಾಡ್ತಿಲ್ಲ. ಕೆಲಸ ಮಾಡಿದ್ದು ಪ್ಲಾಟಿನಂ. ಎದುರು ತಂತಿಯಿಂದ ಕರಗಿ ಬಂದು ನಮ್ಮ ಪುಡಿ ಮೇಲೆ ಕೂತಿದೆ. ಗ್ರಾಫೈಟ್ ಇಟ್ಟು ಮೂರು ಸಲ ನೋಡಿದೆ. ಅರ್ಧವೇ ಬರೋದು."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು.

"ಯಾವಾಗ ನೋಡಿದ್ದು?"

"ಐದು ದಿನ ಆಯಿತು ಸರ್."

"ಐದು ದಿನ ಯಾಕೆ ಸುಮ್ಮನಿದ್ದೆ?"

"ಆಸೆ ಆಯಿತು ಸರ್."

ಮೇಷ್ಟ್ರು ಅವಳನ್ನು ಬಯ್ಯಲಿಲ್ಲ. ಆಮೇಲೆ ಅವರ ಮುಖ ಮೆಲ್ಲನೆ ಬದಲಾಯಿತು.

"ಯಾವ ತಂತಿ ಅದು?"

"ಮೊದಲಿಂದ ಇರೋದೇ ಸರ್. ಖಾಸಿಂ ಚಾಚಾ ಹನ್ನೆರಡು ವರ್ಷದ ಹಿಂದೆ ಕೂಡಿಸಿ ಕೊಟ್ಟದ್ದು."

ಹನ್ನೆರಡು ವರ್ಷ. ಅಷ್ಟು ವರ್ಷವೂ ಪಂಪನಗೌಡರು ತಮ್ಮ ಪುಡಿಗಳನ್ನೆಲ್ಲ ಅದೇ ತಂತಿಯ ಎದುರು ಪರೀಕ್ಷೆ ಮಾಡಿದ್ದರು. ಅವರ ಹೆಸರು ದೇಶದಾಚೆಗೂ ಹೋದದ್ದು ಆ ಪುಡಿಗಳಿಂದ. ಗೋಡೆಯ ಮೇಲೆ ತೂಗುಹಾಕಿದ್ದ ಪ್ರಶಸ್ತಿ ಪತ್ರ ಬಂದದ್ದೂ ಅವುಗಳಿಂದಲೇ. ಹುಲಿಗೆಮ್ಮನಿಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಈಗ ಹೊಳೆಯಿತು. ಅವಳು ತಲೆ ತಗ್ಗಿಸಿದಳು.

"ಈಗ ಹಾಸ್ಟೆಲಿಗೆ ಹೋಗು," ಅಂದರು ಮೇಷ್ಟ್ರು. "ಸದ್ಯಕ್ಕೆ ಇದನ್ನ ಯಾರಿಗೂ ಹೇಳಬೇಡ."

ಹಾಸ್ಟೆಲಿಗೆ ಹೋಗುವ ದಾರಿಯುದ್ದಕ್ಕೂ ಹುಲಿಗೆಮ್ಮನಿಗೆ ಭಯ. ಮೇಷ್ಟ್ರು ಇದನ್ನು ಮುಚ್ಚಿಡು ಅಂದರೆ ಏನು ಮಾಡುವುದು? ಅವರ ಮಾತು ಮೀರಿ ಅಭ್ಯಾಸವಿಲ್ಲ. ಆದರೆ ಎಸ್ತೇರಮ್ಮನಿಗೆ ಹೇಳದೆ ಇರಲೂ ಆಗುವುದಿಲ್ಲ. ಹೇಳಿಯೇ ಹೇಳುತ್ತೇನೆ ಎಂದು ಅವಳು ನಿಶ್ಚಯ ಮಾಡಿಕೊಂಡಳು.

ಬೆಳಗ್ಗೆ ಎಂಟಕ್ಕೆ ಪ್ರಯೋಗಾಲಯಕ್ಕೆ ಬಂದರೆ ಬಾಗಿಲು ತೆರೆದಿತ್ತು. ಮೇಷ್ಟ್ರು ಒಳಗಿದ್ದರು. ಹಳೆಯ ಬೀರು ಬಾಯಿ ತೆರೆದುಕೊಂಡಿತ್ತು. ಮೇಜಿನ ಮೇಲೆ ಹನ್ನೊಂದು ಸಣ್ಣ ಸೀಸೆಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ ಮೇಷ್ಟ್ರದೇ ಅಕ್ಷರ.

"ನಿನ್ನೆ ಯಾರಿಗೂ ಹೇಳಬೇಡ ಅಂದೆನಲ್ಲ, ಅದು ಮೇಷ್ಟ್ರು ಹೇಳೋ ಮಾತಲ್ಲ. ಮರೆತುಬಿಡು," ಅಂದರು. "ಇವನ್ನೂ ಗ್ರಾಫೈಟ್ ಇಟ್ಟು ನೋಡಬೇಕು. ನೀನೇ ಮಾಡು. ನಾನು ಮಾಡಿದರೆ ನನ್ನ ಕೈ ನನ್ನ ಕಡೆಗೇ ವಾಲುತ್ತೆ."

ಹುಲಿಗೆಮ್ಮ ಒಂದು ಸೀಸೆ ಎತ್ತಿ ಓದಿದಳು. "ಸರ್, ಇದು ಪ್ರಶಸ್ತಿ ಬಂದ ಪುಡಿ."

"ಹಾಗಾದರೆ ಮೊದಲು ಅದನ್ನೇ ನೋಡು."

ಆರು ದಿನ ಹಿಡಿಯಿತು. ಹನ್ನೊಂದರಲ್ಲಿ ಏಳು ಬಿದ್ದುಹೋದವು. ಪ್ರಶಸ್ತಿಯ ಪುಡಿ ಎಲ್ಲಕ್ಕಿಂತ ಕೆಳಗೆ ಬಿತ್ತು. ಪ್ರತಿ ಸಲವೂ ಹುಲಿಗೆಮ್ಮ ಅಂಕಿ ಓದುತ್ತಿದ್ದಳು, ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಕೊನೆಯದು ಬರೆದಾದ ಮೇಲೆ ಮಾತ್ರ, "ಖಾಸಿಂ ಸಾಹೇಬರ ಹತ್ತಿರ ಚಹಾ ಇದ್ದರೆ ಒಂದು ಲೋಟ ತಗೊಂಡು ಬಾರಮ್ಮ," ಅಂದರು. ಆಮೇಲೆ ಕೂತು, ಆ ಲೇಖನಗಳನ್ನು ಪ್ರಕಟಿಸಿದ್ದ ಪತ್ರಿಕೆಗಳಿಗೆ ಏಳು ಕಾಗದ ಬರೆದರು. ಏಳರಲ್ಲೂ ಮೊದಲ ಸಾಲು ಒಂದೇ: 'ನನ್ನ ಅಳತೆ ತಪ್ಪಾಗಿತ್ತು.'

ಇಂದುಮತಿಯವರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಜೊತೆಗೆ ಇಬ್ಬರು ಇಂಜಿನಿಯರುಗಳಿದ್ದರು. ಮೇಷ್ಟ್ರು ಏನನ್ನೂ ಸುತ್ತಿ ಬಳಸಿ ಹೇಳಲಿಲ್ಲ. ತಂತಿ ತೋರಿಸಿದರು, ತೂಕ ತೋರಿಸಿದರು, ಎರಡೂ ಗೆರೆಗಳನ್ನು ಪಕ್ಕಪಕ್ಕ ಇಟ್ಟರು. ಇಂದುಮತಿಯವರು ತುಂಬ ಹೊತ್ತು ನೋಡಿದರು.

"ನೀವು ಹೇಳದೇ ಇದ್ದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ," ಅಂದರು.

"ಬೇಸಿಗೆಗೆ ಗೊತ್ತಾಗ್ತಿತ್ತು ಮೇಡಂ," ಅಂದಳು ಹುಲಿಗೆಮ್ಮ.

ಇಂದುಮತಿಯವರು ಫೈಲು ಮುಚ್ಚಿದರು. "ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಅರ್ಧ ಬಲದ ಪುಡಿ ನಂಬಿ ನಲವತ್ತು ಪೆಟ್ಟಿಗೆ ಮಾಡಿಸಲಾರೆ. ಕ್ಷಮಿಸಿ," ಅಂದು ಎದ್ದರು.

ಅಲ್ಲಿಗೆ ಎಲ್ಲ ಮುಗಿದಂತಾಯಿತು. ಹುದ್ದೆ ಬೇರೆಯವರಿಗೆ ಹೋಯಿತು. ಪತ್ರಿಕೆಗಳು ಲೇಖನಗಳನ್ನು ಹಿಂದಕ್ಕೆ ತೆಗೆದವು. ಗೋಡೆಯ ಮೇಲಿದ್ದ ಪ್ರಶಸ್ತಿ ಪತ್ರವನ್ನು ಮೇಷ್ಟ್ರು ತಾವೇ ಇಳಿಸಿ, ಅದನ್ನು ಕೊಟ್ಟವರಿಗೇ ವಾಪಸ್ಸು ಕಳಿಸಿದರು. "ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡರು," ಎಂದು ಜನ ಕಾರಿಡಾರಿನಲ್ಲಿ ಆಡಿಕೊಂಡರು. ಒಂಬತ್ತು ತಿಂಗಳಾದ ಮೇಲೆ ಮೇಷ್ಟ್ರು ನಿವೃತ್ತರಾದರು. ಹಾರ ತುರಾಯಿ ಇರಲಿಲ್ಲ. ಹುಲಿಗೆಮ್ಮ ಊರಿಗೆ ಹೋಗಿ ತಾಯಿಗೆ ಎಲ್ಲ ಹೇಳಿದಳು. ತಾಯಿಗೆ ಪ್ಲಾಟಿನಂ, ಗ್ರಾಫೈಟು ಯಾವುದೂ ತಿಳಿಯಲಿಲ್ಲ. "ಅಳತೆ ತಪ್ಪಿದ್ದು ಗೊತ್ತಾದ್ಮೇಲೆ ಹೊಲಿಗೆ ಬಿಚ್ಚಲೇಬೇಕವ್ವ. ಗಿರಾಕಿ ಮೈಗೆ ಹಾಕ್ಕೊಳ್ಳೋದಲ್ವೇನು," ಅಂದಳು. ಅಂದು ಮತ್ತೆ ಮಷಿನ್ ತುಳಿಯಲು ಕೂತಳು.

ಹುಲಿಗೆಮ್ಮ ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ ಹಿಡಿದಳು. ಮಧ್ಯಾಹ್ನದ ಮೇಲೆ ಪ್ರಯೋಗಾಲಯಕ್ಕೆ ಬರುವಳು. ಬಂದರೆ ಅಲ್ಲಿ ನಿವೃತ್ತ ಮೇಷ್ಟ್ರು ಮೂಲೆಯ ಸ್ಟೂಲಿನ ಮೇಲೆ ಕೂತು ಶೇಂಗಾ ಸಿಪ್ಪೆ ಆರಿಸುತ್ತಿದ್ದರು. ಕುಲಪತಿಗಳು ದೊಡ್ಡ ಮನಸ್ಸು ಮಾಡಿ ಒಂದು ಮೇಜು ಬಿಟ್ಟುಕೊಟ್ಟಿದ್ದರು. ಪ್ಲಾಟಿನಂ ತಂತಿ ಆ ಕೋಣೆಯಿಂದ ಹೊರಗೆ ಹೋಗಿತ್ತು.

ಒಂದು ದಿನ ಖಾಸಿಂ ಸಾಹೇಬರು ಹೊಸ ಕೊಳವೆ ತಂದುಕೊಟ್ಟು ಅಲ್ಲೇ ನಿಂತರು. "ಗೌಡ್ರೇ, ತಪ್ಪು ತಿಳೀಬೇಡಿ, ನನಗೆ ಒಂದು ಅರ್ಥ ಆಗಲ್ಲ. ಪುಡಿಗೆ ಅರ್ಧ ಬಲ ಅಂತೀರಿ. ಅದು ಅಗ್ಗ ಅಂತಾನೂ ಅಂತೀರಿ. ಅಗ್ಗ ಇದ್ರೆ ಎರಡರಷ್ಟು ಬಳೀರಿ. ಯಾರು ಬೇಡ ಅಂತಾರೆ?"

ಮೇಷ್ಟ್ರೂ ಶಿಷ್ಯೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ಲಾಟಿನಂ ಕೈಯಲ್ಲಿದ್ದವರು ಹಗಲಿರುಳೂ ಪದರ ತೆಳ್ಳಗೆ ಮಾಡುವುದನ್ನೇ ಯೋಚಿಸುತ್ತಾರೆ. ಆ ಯೋಚನೆಯೇ ಇವರಿಗೂ ಅಂಟಿಕೊಂಡಿತ್ತು. ಕಬ್ಬಿಣಕ್ಕೆ ಆ ಜಿಪುಣತನ ಯಾಕೆ?

ಹೇಳಿದಷ್ಟು ಸುಲಭವಾಗಲಿಲ್ಲ ಅನ್ನಿ. ದಪ್ಪ ಬಳಿದರೆ ಒಳಗೆ ಗಾಳಿ ಹೋಗುವುದಿಲ್ಲ. ಹುಟ್ಟಿದ ನೀರು ಅಲ್ಲೇ ನಿಂತು ಉಸಿರು ಕಟ್ಟಿಸುತ್ತದೆ. ಇಡ್ಲಿಯ ಹಾಗೆ ಒಳಗೆಲ್ಲ ಸಣ್ಣ ಸಣ್ಣ ತೂತಿರುವ ದಪ್ಪ ಪದರ ಬೇಕಿತ್ತು. ಅದನ್ನು ಕಲಿಯಲು ಒಂದು ವರ್ಷ ಎಂಟು ತಿಂಗಳು ಬೇಕಾಯಿತು. ಕೊನೆಗೂ ಒಂದು ಪೆಟ್ಟಿಗೆ ಆಯಿತು. ಪ್ಲಾಟಿನಂ ಪೆಟ್ಟಿಗೆಗಿಂತ ಎರಡರಷ್ಟು ದೊಡ್ಡದು, ನೋಡಲು ಅಂದವಿಲ್ಲ. ಆದರೆ ಒಂದು ಫ್ರಿಜ್ಜನ್ನು ಆರಾಮಾಗಿ ನಡೆಸಿತು.

ಒಂದು ಕೊರತೆ ಉಳಿದೇ ಇತ್ತು. ಐದು ತಿಂಗಳಾಗುವಾಗ ಪುಡಿ ಸೊರಗುತ್ತಿತ್ತು. ಎಷ್ಟು ತಿಣುಕಿದರೂ ಆರನೆಯ ತಿಂಗಳಿಗೆ ಎಳೆಯಲು ಆಗಲಿಲ್ಲ.

ಹುಲಿಗೆಮ್ಮ ಇಂದುಮತಿಯವರ ಕಚೇರಿಗೆ ತಾನೇ ಹೋದಳು. "ಮೇಡಂ, ಇದು ಇಷ್ಟು ದೊಡ್ಡದು. ಇದರ ಬಲ ಇಷ್ಟು. ಐದು ತಿಂಗಳಿಗೆ ಸೊರಗುತ್ತೆ. ಒಳಗಿರೋ ಪುಡಿ ಬಳಿದ ತಟ್ಟೆಯನ್ನ ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸಬೇಕು. ನಮ್ಮ ಹತ್ತಿರ ಇರೋದು ಇಷ್ಟೇ," ಅಂದಳು.

ಇಂದುಮತಿಯವರು ಒಂದೇ ಒಂದು ಪ್ರಶ್ನೆ ಕೇಳಿದರು. "ಈ ಅಂಕಿ ಗ್ರಾಫೈಟಿನ ಎದುರು ತೆಗೆದದ್ದಾ?"

"ಅದು ಹಳೆಯ ಮಾತು ಮೇಡಂ. ಇದು ಫ್ರಿಜ್ಜು ನಡೆಸಿ ತೆಗೆದದ್ದು."

ಇಂದುಮತಿಯವರು ಅದೇ ಮೊದಲ ಸಲ ನಕ್ಕರು. ಒಂದು ಪೆಟ್ಟಿಗೆಗೆ ಒಪ್ಪಿದರು.

ಆ ಪೆಟ್ಟಿಗೆ ಎಸ್ತೇರಮ್ಮನ ಕೇಂದ್ರಕ್ಕೆ ಹೋಯಿತು. ಜಲಜನಕದ ಸಿಲಿಂಡರನ್ನು ಹೊರಗಿನ ಜಾಲರಿ ಕೋಣೆಯಲ್ಲಿ ಇಟ್ಟರು. ತಟ್ಟೆ ಬದಲಾಯಿಸುವುದು ಹೇಗೆಂದು ಹುಲಿಗೆಮ್ಮ ನರ್ಸಮ್ಮನಿಗೇ ಕಲಿಸಿದಳು. ಎಸ್ತೇರಮ್ಮ ಲಸಿಕೆಯ ದಿನಾಂಕಗಳ ಪಕ್ಕದಲ್ಲೇ ತಟ್ಟೆಯ ದಿನಾಂಕವನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆದರು.

ಮೇ ತಿಂಗಳ ಮೂರನೆಯ ವಾರ ಗಾಳಿ ಮಳೆ ಬಂದು ಹನ್ನೊಂದು ಕಂಬ ಉರುಳಿದವು. ಎರಡು ದಿನ, ಎರಡು ರಾತ್ರಿ ಆ ಕಡೆಗೆ ಕರೆಂಟಿಲ್ಲ. ಹುಲಿಗೆಮ್ಮ ಬಸ್ಸು ಹಿಡಿದು ಓಡಿಬಂದಳು. ಕೇಂದ್ರದ ಜಗಲಿಯ ಮೇಲೆ ತಾಯಂದಿರು ಸಾಲಾಗಿ ಕೂತಿದ್ದರು. ಕೂಸುಗಳು ಅಳುತ್ತಿದ್ದವು. ಎಸ್ತೇರಮ್ಮ ಒಂದೊಂದಕ್ಕೆ ಸೂಜಿ ಚುಚ್ಚಿ, ಒಂದೊಂದಕ್ಕೂ "ಆಯ್ತಾಯ್ತು ನನ್ ರಾಜಾ" ಅನ್ನುತ್ತಿದ್ದರು. ಒಳಗೆ ಫ್ರಿಜ್ಜಿನ ಮುಳ್ಳು ಐದು ಡಿಗ್ರಿಯಲ್ಲಿ ನಿಂತಿತ್ತು.

ಹುಲಿಗೆಮ್ಮ ಪೆಟ್ಟಿಗೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಕೆಳಗಿನ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಫೋನು ತೆಗೆದು ಮೇಷ್ಟ್ರಿಗೆ ಮಾಡಿದಳು. "ನಡೀತಿದೆ ಸರ್," ಅಂದಳು.

"ತಟ್ಟೆ ಹಾಕಿ ಎಷ್ಟು ದಿನ ಆಯಿತು?" ಅಂತ ಕೇಳಿದರು ಮೇಷ್ಟ್ರು.

"ಎಂಬತ್ತೊಂದು ದಿನ."

"ಇನ್ನೂ ಒಂದು ತಿಂಗಳಿದೆ," ಅಂದರು. ಅಷ್ಟೇ ಅಂದು ಇಟ್ಟರು.

ಈಗ ಹದಿನೇಳು ಕೇಂದ್ರಗಳಲ್ಲಿ ಆ ಪೆಟ್ಟಿಗೆಗಳಿವೆ. ನಲವತ್ತು ಇನ್ನೂ ಆಗಿಲ್ಲ. ಹುಲಿಗೆಮ್ಮ ಆರನೆಯ ತಿಂಗಳಿಗೆ ಎಳೆಯುವ ಪುಡಿಗಾಗಿ ಹುಡುಕುತ್ತಲೇ ಇದ್ದಾಳೆ. ಮೊನ್ನೆ ಅವಳು ಕೇಂದ್ರಕ್ಕೆ ಹೋದಾಗ ಎಸ್ತೇರಮ್ಮ ಹಳೆಯ ತಟ್ಟೆ ತೆಗೆದು ಹೊಸದನ್ನು ಕೂರಿಸುತ್ತಿದ್ದರು. ದಿನ ತಪ್ಪಿಸಿರಲಿಲ್ಲ. ಕೈಯ ಮಸಿ ಒರೆಸಿಕೊಳ್ಳುತ್ತ ಅವರು ಹೇಳಿದರು:

"ನಮ್ಮ ಕೇಂದ್ರಕ್ಕೆ ಎಷ್ಟೋ ಯಂತ್ರ ಬಂದ್ವಮ್ಮ. ಎಲ್ಲಾ ಹತ್ತು ವರ್ಷ ಬಾಳ್ತೀನಿ ಅಂತಾನೇ ಬಂದ್ವು. ಎರಡು ತಿಂಗಳಿಗೆ ಹೇಳದೆ ಕೇಳದೆ ಸತ್ವು. ನಾಲ್ಕೇ ತಿಂಗಳು ಅಂತ ಹೇಳಿ ಬಂದದ್ದು ಇದೊಂದೇ. ಇದರ ಜೊತೆ ನಾನು ಹೆಂಗಾದ್ರೂ ಏಗ್ತೀನಿ."

ನೀತಿ: ಎರವಲು ಹೊಳಪು ನೋಡುವವರ ಕಣ್ಣು ತುಂಬೀತು, ನಂಬಿದವರ ಕೈ ಹಿಡಿಯದು. ನಮ್ಮ ಬಲ ಅರ್ಧವೇ ಇದ್ದರೆ ಅರ್ಧ ಎಂದೇ ಹೇಳಬೇಕು. ಆ ಅರ್ಧದ ಮೇಲೆ ಇನ್ನರ್ಧವನ್ನು ಕಟ್ಟಬಹುದು, ಸುಳ್ಳಿನ ಪೂರ್ತಿಯ ಮೇಲೆ ಏನನ್ನೂ ಕಟ್ಟಲಾಗದು.